ಸೀರೆ ಅಂಚಿನ ಡಿಸೈನು ಬೆಳ್ಳಿ ಪದಕ ಆಗೋದು ಹೇಗೆ: ಹಾಸನದಲ್ಲೇ ಕೂತು ಮಾಡಿಸ್ಕೊಳ್ಳೋರಿಗೆ

ನಮ್ಮ ಬೀದೀಲಿ ಎರಡು ಮೂರು ತಿಂಗಳಿಗೊಂದ್ಸಲ ಒಬ್ರು ಬೈಕಲ್ಲಿ ಬರ್ತಾರೆ, "ಹಳೇ ಜರೀ ಸೀರೇ... ಹಳೇ ರೇಷ್ಮೆ ಸೀರೇ..." ಅಂತ ಕೂಗ್ಕೊಂಡು. ಸೀರೆ ಬಿಚ್ಚಿ ನೋಡಿ, ಅಂಚು ಉಗುರಲ್ಲಿ ಕೆರೆದು ನೋಡಿ, ಒಂದು ರೇಟ್ ಹೇಳಿ ತಗೊಂಡೋಗ್ತಾರೆ, ಆಮೇಲೆ ಅದನ್ನ ಸುಟ್ಟು ಜರಿಯಲ್ಲಿರೋ ಬೆಳ್ಳಿ ತೆಗೀತಾರೆ. ಅಸಲಿ ಜರಿ ಅಂದ್ರೆ ರೇಷ್ಮೆ ಎಳೆ ಮೇಲೆ ಬೆಳ್ಳಿ ತಂತಿ ಸುತ್ತಿ ಚಿನ್ನದ ನೀರು ಕೊಟ್ಟಿರೋದು ತಾನೇ, ಅದಕ್ಕೆ ಬೆಲೆ ಇದ್ದೇ ಇದೆ. ನಮ್ಮಮ್ಮನೂ ಒಂದೆರಡು ಸೀರೆ ಹಾಗೆ ಕೊಟ್ಟಿದ್ದಾರೆ. ಬೆಳ್ಳಿ ಹೋಗಿದ್ದಕ್ಕೆ ನಂಗೇನೂ ಬೇಜಾರಿಲ್ಲ, ಆದ್ರೆ ಆ ಅಂಚಲ್ಲಿ ಎಂಥ ಡಿಸೈನ್ ಇತ್ತು ಅಂತ ಈಗ ಕೇಳಿದ್ರೆ ಮನೇಲಿ ಯಾರಿಗೂ ನೆನಪಿಲ್ಲ, ಹೊಟ್ಟೆ ಉರಿಯೋದು ಅದಕ್ಕೆ.

ಅಲ್ಲಿಂದ ಶುರುವಾಗಿದ್ದು ಈ ಹುಚ್ಚು. ನಾಲ್ಕೈದು ವರ್ಷದಿಂದ ಸೀರೆ ಅಂಚು, ಸೆರಗು, ಕಸೂತಿ ಇಂಥದ್ರಲ್ಲಿರೋ ಡಿಸೈನ್ ಎತ್ಕೊಂಡು ಓಲೆ, ಪದಕ ಮಾಡಿಸ್ತಾ ಇದೀನಿ, ನನಗೂ, ನಾದಿನಿಗೂ, ಕೇಳಿದ ಫ್ರೆಂಡ್ಸಿಗೂ. "ನಂಗೂ ಹೇಳಿಕೊಡೇ" ಅಂತ ಕೇಳೋರು ಜಾಸ್ತಿ ಆಗಿರೋದ್ರಿಂದ ಒಂದೇ ಸಲ ಬರೆದು ಹಾಕ್ತಿದೀನಿ. ಬೆಂಗಳೂರಿಗೆ ಹೋಗ್ಬೇಕಾಗಿಲ್ಲ, ಹಾಸನದ ಆಚಾರ್ರ (ಅಕ್ಕಸಾಲಿಗರ) ಕೈಯಲ್ಲೇ ಆಗುತ್ತೆ, ನೀವು ತಯಾರಾಗಿ ಹೋಗ್ಬೇಕು ಅಷ್ಟೆ.

ಮೊದ್ಲು ಸೀರೆ ಆರಿಸಿ

ಬೀರು ತೆಗೆದು ಇರೋ ಸೀರೆ ಎಲ್ಲಾ ಮಂಚದ ಮೇಲೆ ಹಾಕಿ, ಎರಡಡಿ ದೂರ ನಿಂತು ನೋಡಿ. ದೂರದಿಂದ ಯಾವ ಡಿಸೈನು ಗುರುತು ಸಿಗುತ್ತೋ ಅದೇ ಒಡವೆಗೆ ಆಗೋದು, ಯಾಕಂದ್ರೆ ನಿಮ್ಮ ಓಲೆನ ಯಾರೂ ಭೂತಗನ್ನಡಿ ಇಟ್ಕೊಂಡು ನೋಡಲ್ಲ. ಮೂಲೆ ಮೂಲೆ ಇರೋ ಡಿಸೈನು, ಅಂದ್ರೆ ಗೋಪುರದಂಚು, ಹಲ್ಲುಹಲ್ಲಾಗಿರೋದು, ಮೆಟ್ಲುಮೆಟ್ಲಾಗಿರೋದು, ಇವೆಲ್ಲ ಲೋಹಕ್ಕೆ ಸುಲಭ. ಇಳಕಲ್ ಸೀರೆ ಇದ್ರಂತೂ ಸೆರಗು ನೋಡಿ, ಕೆಂಪು ಮೇಲೆ ಬಿಳಿ, ಅದ್ರಲ್ಲಿ ಹಣಿಗೆ (ಅಂದ್ರೆ ನಮ್ಮ ಬಾಚಣಿಗೆ) ಥರದ್ದು, ಕೋಟೆ ಗೋಡೆ ತಲೆ ಥರದ್ದು, ಜೋಳದ ತೆನೆ ಥರದ್ದು ಬರುತ್ತೆ, ಒಂದೊಂದೂ ನೀಟಾಗಿ ಕತ್ತರಿಸಿಟ್ಟ ಹಾಗಿರುತ್ತೆ, ಹಾಗೇ ಓಲೆ ಮಾಡ್ಬಹುದು. ಕಂಚಿ ಸೀರೆಯ ರುದ್ರಾಕ್ಷಿ ಅಂಚು, ಮಲ್ಲಿಗೆ ಮೊಗ್ಗಿನ ಸಾಲು, ಇವೂ ಆಗುತ್ತೆ, ಸರಕ್ಕೆ ಚೆನ್ನಾಗಿರುತ್ತೆ.

ಪಟೋಲ, ಪೋಚಂಪಲ್ಲಿ ಥರ ಇಕ್ಕತ್ ಸೀರೆ ಡಿಸೈನ್ ಮೊದಲ್ನೇ ಸಲಕ್ಕೇ ಬೇಡ. ನೂಲಿಗೆ ಮುಂಚೇನೇ ಬಣ್ಣ ಕಟ್ಟಿ ಆಮೇಲೆ ನೇಯ್ತಾರಲ್ಲ, ಅದಕ್ಕೇ ಡಿಸೈನಿನ ಅಂಚಲ್ಲಿ ಬಣ್ಣ ಸ್ವಲ್ಪ ಕದಡಿದ ಹಾಗೆ ಬರುತ್ತೆ, ಅದರ ಚೆಂದವೇ ಅದು. ಬೆಳ್ಳಿಗೆ ಕದಡೋಕೆ ಬರಲ್ಲ. ಗಡಸಾಗಿ ಕತ್ತರಿಸಿದ್ರೆ ಬಿಸ್ಕೆಟ್ ಅಚ್ಚಿನಲ್ಲಿ ಒತ್ತಿದ ಆನೆ ಥರ ಕಾಣುತ್ತೆ, ನೋಡಿದೀನಿ ನಾನು. ಬಾಂಧನಿ ಬೇರೆ ವಿಷ್ಯ, ಅದು ಬರೀ ಚುಕ್ಕಿ, ಚುಕ್ಕಿಗೆ ಬೆಳ್ಳಿ ಗುಂಡು ಕೂರಿಸಿದ್ರೆ ಆಯ್ತು.

ಇನ್ನು ಮಾವಿನಕಾಯಿ. ಬೇಡ ಅನ್ನಲ್ಲ, ಆದ್ರೆ ಮಾವಿನಕಾಯಿ ಸರ ಅಂತ ನಮ್ಮಜ್ಜಿಯರ ಕಾಲದಿಂದಲೇ ಇದೆ, ಸೀರೆಯಿಂದ ಕತ್ತಿಗೆ ಅದು ಯಾವತ್ತೋ ಬಂದಾಯ್ತು. ನೀವು ಕಷ್ಟಪಟ್ಟು ಮಾಡಿಸಿದ್ರೂ ಅಂಗಡೀಲಿ ತಗೊಂಡಿದ್ದಾ ಅಂತ ಕೇಳ್ತಾರೆ.

ಫೋಟೋ ಸಾಕಾಗಲ್ಲ, ಎಣಿಸ್ಬೇಕು

ನಾನು ಮೊದಲ್ನೇ ಸಲ ಮಾಡಿದ ತಪ್ಪು ಇದೇ. ನಮ್ಮತ್ತೆ ತವರು ಧಾರವಾಡ, ಅವರ ಹತ್ರ ಒಂದು ಚಂದ್ರಕಾಳಿ ಸೀರೆ ಇದೆ, ಕಪ್ಪು ರೇಷ್ಮೆ ಮೇಲೆ ಕಸೂತಿ, ಅವರಮ್ಮ ಹಾಕಿದ್ದು. ಅದ್ರಲ್ಲಿರೋ ಗೋಪುರನ ಮೊಬೈಲಲ್ಲಿ ಫೋಟೋ ಹೊಡೆದು, ಚಿಕ್ಕದು ಮಾಡಿ ಪ್ರಿಂಟ್ ತೆಗೆದು, ಆಚಾರ್ರಿಗೆ ಕೊಟ್ಟು "ಹಿಂಗೇ ಬೇಕು" ಅಂದೆ. ಅವರು ಪ್ರಿಂಟನ್ನ ತಿರುಗಿಸಿ ಮುರುಗಿಸಿ ನೋಡಿ, "ಆಗುತ್ತಮ್ಮ, ಆದ್ರೆ ಹಿಂಗೇ ಬರಲ್ಲ" ಅಂದ್ರು, ನಾನು ಕೇಳ್ಲಿಲ್ಲ. ಒಂದಂಗುಲಕ್ಕಿಂತ ಚಿಕ್ಕ ಪದಕದಲ್ಲಿ ನಲವತ್ತು ಹೊಲಿಗೆ ಅಗಲದ ಗೋಪುರ, ಅಂದ್ರೆ ಒಂದೊಂದು ಹೊಲಿಗೆಗೆ ಅರ್ಧ ಮಿಲಿಮೀಟರ್. ಕತ್ತರಿಸುವಾಗ ಎರಡ್ಮೂರು ಕಡೆ ಮುರಿದು, ಹಿಂದಿನಿಂದ ಬೆಸುಗೆ ಹಾಕಿ, ಒಪ್ಪ ಹಾಕುವಾಗ ಮೂಲೆ ಎಲ್ಲಾ ಸವೆದು, ಕೊನೆಗೆ ಕೈಗೆ ಬಂದಿದ್ದು ಇಡ್ಲಿ ತಟ್ಟೆಗೆ ಅಂಟ್ಕೊಂಡ ಹಿಟ್ಟಿನ ಥರ. ಅತ್ತೆ ಕನ್ನಡಕ ಹಾಕ್ಕೊಂಡು ನೋಡಿ, "ಇದೇನ್ ಗೋಪುರೇನವಾ, ಹಣಗಿನೋ?" ಅಂದ್ರು. ಆಚಾರ್ರ ತಪ್ಪೇನಿಲ್ಲ ಅದ್ರಲ್ಲಿ, ಹೇಳಿದ್ರು ಪಾಪ.

ಆಮೇಲೆ ಅತ್ತೇನೇ ಕೂತು ಹೇಳಿಕೊಟ್ರು. "ಕಸೂತಿ ಯಾರೂ ಬರ್ಕೊಂಡು ಹಾಕಂಗಿಲ್ಲ. ಎಳಿ ಎಣಿಸಿ ಹಾಕ್ತಾರ. ನೀನೂ ಎಣಸು." ಸೀರೇನ ಟ್ಯೂಬ್‌ಲೈಟ್ ಕೆಳಗೆ ದಿಂಬಿನ ಮೇಲೆ ಹರಡಿ, ಕೈಯಲ್ಲಿ ಒಂದು ಸೂಜಿ ಹಿಡಿದು (ಚುಚ್ಚೋದಿಕ್ಕಲ್ಲ, ತೋರಿಸೋದಿಕ್ಕೆ, ಮೊಂಡು ತುದಿ ಇದ್ರೆ ಒಳ್ಳೇದು), ಮಧ್ಯದ ಕಳಸದಿಂದ ಶುರು ಮಾಡಿ ಒಂದು ಪಕ್ಕ ಮಾತ್ರ ಎಣಿಸಿದ್ರು. ಕಸೂತಿ ಗೋಪುರ ಎರಡೂ ಪಕ್ಕ ಸಮ ಇರುತ್ತೆ, ಅರ್ಧ ಎಣಿಸಿದ್ರೆ ಸಾಕು. ಅವರು ಹೇಳ್ತಾ ಹೋದ್ರು, ಮೇಲೆ ಎರಡು, ಅಡ್ಡ ಒಂದು, ಮೇಲೆ ಎರಡು, ಅಡ್ಡ ಒಂದು, ನಾನು ಮಗನ ಗ್ರಾಫ್ ಬುಕ್ಕಲ್ಲಿ ಗೆರೆ ಎಳೀತಾ ಹೋದೆ. ಮುಕ್ಕಾಲು ಗಂಟೆ ಆಯ್ತು. ಕಣ್ಣು ಉರಿ ಬಂತು. ಆದ್ರೆ ಅವತ್ತು ನಂಗೆ ಡಿಸೈನು ಅರ್ಥ ಆಯ್ತು, ಫೋಟೋದಲ್ಲಿ ಬರೀ ಕಂಡಿತ್ತು.

ಹಾಗಾಗಿ ನೀವೂ ಇಷ್ಟು ಮಾಡಿ. ಮಿಲಿಮೀಟರ್ ಗ್ರಾಫ್ ಶೀಟ್ ತಗೊಳ್ಳಿ, ಸ್ಟೇಷನರಿ ಅಂಗಡೀಲಿ ಎಲ್ಲಾ ಕಡೆ ಸಿಗುತ್ತೆ. ಒಂದು ಹೊಲಿಗೆಗೆ ಒಂದು ದೊಡ್ಡ ಚೌಕ ಅಂತ ಇಟ್ಕೊಂಡು ದೊಡ್ಡದಾಗೇ ಬರೀರಿ, ಚಿಕ್ಕದು ಮಾಡೋದು ಆಮೇಲೆ. ಮಧ್ಯದಲ್ಲಿ ಒಂದೇ ಕಂಬ ಇದ್ರೆ ಒಟ್ಟು ಬೆಸ ಸಂಖ್ಯೆ ಬರ್ಬೇಕು, ಸಮ ಬಂದ್ರೆ ಎಲ್ಲೋ ತಪ್ಪಿದೀರಿ ಅಂತ ಅರ್ಥ, ವಾಪಸ್ ಹೋಗಿ ಎಣಿಸಿ. ಜರಿ ಅಂಚು ನೇಯ್ಗೇದಾದ್ರೆ ಎಳೆ ತೀರಾ ಸಣ್ಣ, ಅಲ್ಲಿ ಎಳೆ ಎಣಿಸೋದು ಬೇಡ, ಮೆಟ್ಲು ಎಷ್ಟು, ಹಲ್ಲು ಎಷ್ಟು, ಒಂದು ಹಲ್ಲಿಗೂ ಇನ್ನೊಂದಕ್ಕೂ ಜಾಗ ಎಷ್ಟು ಅಂತ ಎಣಿಸಿದ್ರೆ ಸಾಕು.

ಒಂದು ಮಾತು, ಸೀರೆ ಕತ್ತರಿಸ್ಬೇಡಿ ದಯವಿಟ್ಟು. ಅಂಚು ಕತ್ತರಿಸಿ ಗಾಜಿನೊಳಗೆ ಇಟ್ಟು ಪದಕ ಮಾಡೋದು ಈಗ ಫ್ಯಾಶನ್ ಆಗಿದೆ, ಹರಿದು ಹೋಗಿರೋ ಸೀರೆಗಾದ್ರೆ ಸರಿ, ಗಟ್ಟಿ ಸೀರೆಗೆ ಯಾಕೆ?

ಹೊಲಿಗೇನ ಲೋಹಕ್ಕೆ ಬದಲಾಯಿಸೋದು

ನನಗೆ ಇಡೀ ಕೆಲಸದಲ್ಲಿ ಇಷ್ಟವಾದ ಭಾಗ ಇದು, ಸ್ವಲ್ಪ ಜಾಸ್ತಿ ಬರೀತೀನಿ, ಸಹಿಸ್ಕೊಳ್ಳಿ.

ಕಸೂತೀಲಿ ನಾಲ್ಕು ಹೊಲಿಗೆ ಇದೆ, ಗವಂತಿ, ಮುರ್ಗಿ, ನೇಯ್ಗೆ, ಮೆಂತೆ. ಗವಂತಿ ಅಂದ್ರೆ ಹೋಗುವಾಗ ಒಂದು ಬಿಟ್ಟು ಒಂದು ಹಾಕ್ಕೊಂಡು ಹೋಗಿ, ಬರುವಾಗ ಬಿಟ್ಟ ಜಾಗ ತುಂಬ್ಕೊಂಡು ಬರೋದು, ಕೊನೆಗೆ ಒಂದೇ ಗೆರೆ ಕಾಣುತ್ತೆ, ಮುಂದೂ ಹಿಂದೂ ಒಂದೇ ಥರ. ಮುರ್ಗಿನೂ ಹಾಗೇ, ಆದ್ರೆ ಅದು ಮೆಟ್ಲು ಹತ್ತಿದ ಹಾಗೆ ಅಂಕುಡೊಂಕಾಗಿ ಹೋಗುತ್ತೆ. ನೇಯ್ಗೆ ಹೆಸರೇ ಹೇಳೋ ಹಾಗೆ ಮಗ್ಗದಲ್ಲಿ ನೇಯ್ದಂಗೆ ಒತ್ತೊತ್ತಾಗಿ ತುಂಬೋದು. ಮೆಂತೆ ಅಡ್ಡಡ್ಡ ಕ್ರಾಸ್ ಹೊಲಿಗೆ, ಮೆಂತೆಕಾಳು ಚೆಲ್ಲಿದ ಹಾಗೆ.

ಈಗ ಆಚಾರ್ರ ಹತ್ರ ಏನಿದೆ ನೋಡಿ. ತಂತಿ ಇದೆ, ತಗಡು ಇದೆ, ಗರಗಸ ಇದೆ, ಉಳಿ ಇದೆ, ಸಣ್ಣ ಗುಂಡು ಇದೆ. ನಾನು ಮಾಡ್ಕೊಂಡಿರೋ ಲೆಕ್ಕ ಏನಂದ್ರೆ, ಗವಂತಿ ಗೆರೆಗೆ ತಂತಿ, 0.8 ಮಿಲಿಮೀಟರ್ ದಪ್ಪದ್ದು, ಮಡಚಿ ತಗಡಿನ ಮೇಲೆ ಬೆಸುಗೆ ಹಾಕೋದು. ಮುರ್ಗಿ ಮೆಟ್ಲಿಗೆ ಗರಗಸ, ತಗಡಿನ ಅಂಚನ್ನೇ ಮೆಟ್ಲುಮೆಟ್ಲಾಗಿ ಕತ್ತರಿಸೋದು. ನೇಯ್ಗೆ ತುಂಬಿರೋ ಜಾಗಕ್ಕೆ ಉಳಿಯಲ್ಲಿ ಹತ್ತಿರ ಹತ್ತಿರ ಗೀರು, ಬೆಳಕು ಬಿದ್ರೆ ಥೇಟ್ ರೇಷ್ಮೆ ಥರ ಮಿನುಗುತ್ತೆ. ಮೆಂತೆಗೆ ಸಾಸಿವೆಗಿಂತ ಸಣ್ಣ ಬೆಳ್ಳಿ ಗುಂಡು, ಸಾಲಾಗಿ. ಈ ಗುಂಡು ಮಾಡೋದು ನೋಡೋಕೇ ಮಜಾ, ತಂತೀನ ಚೂರುಚೂರು ಮಾಡಿ ಇದ್ದಿಲ ಮೇಲಿಟ್ಟು ಬೆಂಕಿ ಕೊಟ್ರೆ ತಾನಾಗೇ ದುಂಡಗಾಗುತ್ತೆ. ನಾಲ್ಕೂ ಒಂದೇ ಪದಕದಲ್ಲಿ ತುರುಕ್ಬೇಡಿ, ಎರಡು ಸಾಕು.

ಮುಂದೂ ಹಿಂದೂ ಒಂದೇ ಥರ ಅಂದ್ನಲ್ಲ, ಅದನ್ನೂ ಉಪಯೋಗಿಸ್ಕೊಳ್ಳಿ. ತಂತಿ, ಗುಂಡು ಏನೂ ಇಲ್ಲದೆ ಬರೀ ತಗಡು ಕತ್ತರಿಸಿ ಮಾಡಿದ ಪದಕ ಎರಡೂ ಕಡೆ ಒಂದೇ, ಕತ್ತಲ್ಲಿ ತಿರುಗಿದ್ರೂ ಚಿಂತೆ ಇಲ್ಲ. ಸ್ಕೂಟರಲ್ಲಿ ಓಡಾಡೋರಿಗೆ ಇದು ದೊಡ್ಡ ನೆಮ್ಮದಿ.

ಇನ್ನೊಂದು, ಇಳಕಲ್ ಸೀರೇಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕುಣಿಕೆ ಹಾಕಿ ಜೋಡಿಸ್ತಾರೆ, ಅದಕ್ಕೆ ಕೊಂಡಿ ಅಂತಾರೆ. ನಮ್ಮ ಸರಕ್ಕೆ ಹಾಕೋದೂ ಕೊಂಡೀನೇ! ಆ ಕುಣಿಕೆ ಸಾಲನ್ನೇ ನೋಡ್ಕೊಂಡು ಎರಡು ತುಂಡು ಪದಕನ ಐದಾರು ಸಣ್ಣ ರಿಂಗುಗಳಿಂದ ಸಾಲಾಗಿ ಜೋಡಿಸಿದ್ವಿ, ಮೇಲಿನದು ಬಿಳಿ ಬೆಳ್ಳಿ, ಕೆಳಗಿನದು ಕಪ್ಪು ಮಾಡಿದ್ದು. ಒಡಲು, ಸೆರಗು. ಇದುವರೆಗೆ ಮಾಡಿಸಿದ್ರಲ್ಲಿ ನನ್ನ ಫೇವರೆಟ್ ಅದೇ.

ಚಿಕ್ಕದು ಮಾಡೋದು ಅಂದ್ರೆ ಕಡಿಮೆ ಮಾಡೋದು

ಜೆರಾಕ್ಸ್ ಅಂಗಡೀಲಿ ಚಿಕ್ಕದು ಮಾಡಿಸ್ಬೇಡಿ. ಕತ್ತರಿಸೋ ತಗಡಲ್ಲಿ ಉಳಿಯೋ ಯಾವ ಗೆರೇನೂ ಒಂದು ಮಿಲಿಮೀಟರಿಗಿಂತ ಸಣ್ಣ ಇರ್ಬಾರ್ದು, ಮಧ್ಯದ ಖಾಲಿ ಜಾಗವೂ ಅಷ್ಟೇ ಇರ್ಲಿ. ಈಗ ನಲವತ್ತೊಂದು ಹೊಲಿಗೆಯ ಗೋಪುರಕ್ಕೆ ನಲವತ್ತೊಂದು ಮಿಲಿಮೀಟರ್ ಬೇಕಾಗುತ್ತೆ, ಪದಕಕ್ಕಾದ್ರೆ ಓಕೆ, ಓಲೆಗೆ ಆಗಲ್ಲ. ಆಗ ಏನ್ ಮಾಡ್ಬೇಕಂದ್ರೆ ಅಂತಸ್ತು ತೆಗೀರಿ. ಐದು ಅಂತಸ್ತು ಇದ್ರೆ ಮೂರು ಮಾಡಿ, ಆದ್ರೆ ಮೆಟ್ಲಿನ ಲೆಕ್ಕ, "ಮೇಲೆ ಎರಡು, ಅಡ್ಡ ಒಂದು", ಅದನ್ನ ಮುಟ್ಬೇಡಿ. ಆ ಲೆಕ್ಕ ಉಳಿದ್ರೆ ನೋಡಿದ ತಕ್ಷಣ ಕಸೂತಿ ಅಂತ ಗೊತ್ತಾಗುತ್ತೆ, ಅದು ಹೋದ್ರೆ ಯಾವ್ದೋ ಮೆಟ್ಲು.

ಇನ್ನೊಂದು ಸಮಸ್ಯೆ, ಬಟ್ಟೆ ಮೇಲೆ ಡಿಸೈನ್‌ಗೆ ಹಿಂದೆ ಬಟ್ಟೆ ಇದೆ, ಎಲ್ಲಿ ಬೇಕಾದ್ರೂ ಒಂದು ನಕ್ಷತ್ರ ಒಂಟಿಯಾಗಿ ನಿಲ್ಲುತ್ತೆ. ತಗಡು ಕೊರೆದಾಗ ಒಂಟಿ ನಕ್ಷತ್ರ ಕೆಳಗೆ ಬಿದ್ದೋಗುತ್ತೆ! ಪ್ರತಿಯೊಂದಕ್ಕೂ ಎಲ್ಲಾದ್ರೂ ಒಂದು ಕಡೆ ಹಿಡಿತ ಬೇಕು. ಇದು ತಲೆಗೆ ಹತ್ತದೇ ಇದ್ರೆ ಒಂದು ಭಾನುವಾರ ಬೇಲೂರಿಗೆ ಹೋಗ್ಬನ್ನಿ, ಇಲ್ಲಿಂದ ನಲವತ್ತು ಕಿಲೋಮೀಟರ್ ಆಸುಪಾಸು ಅಷ್ಟೆ. ಚೆನ್ನಕೇಶವ ದೇವಸ್ಥಾನ 1117ರದ್ದು, ಸುತ್ತ ಇರೋ ಕಲ್ಲಿನ ಜಾಲಂಧ್ರ (ತೂತು ಕೊರೆದ ಕಲ್ಲಿನ ಜಾಲರಿ) ಆಮೇಲೆ ವೀರಬಲ್ಲಾಳನ ಕಾಲದಲ್ಲಿ ಸೇರಿಸಿದ್ದು. ಎಲ್ರೂ ಮದನಿಕೆ ನೋಡ್ತಾ ಕತ್ತು ಮೇಲೆತ್ತಿರ್ತಾರೆ, ನೀವು ಆ ಜಾಲಂಧ್ರದ ಮುಂದೆ ನಿಂತು ಯಾವ ತೂತಿನ ಪಕ್ಕ ಎಷ್ಟು ಕಲ್ಲು ಬಿಟ್ಟಿದಾರೆ ಅಂತ ನೋಡಿ. ಕಲ್ಲಲ್ಲಿ ನಿಂತಿದ್ದು ಬೆಳ್ಳೀಲೂ ನಿಲ್ಲುತ್ತೆ. (ಮದನಿಕೆಯರ ಡಾಬು, ತೋಳುಬಂದಿ ನೋಡೋದು ಬೇಡ ಅಂತಲ್ಲ, ಅದಕ್ಕೆ ಇನ್ನೊಂದು ದಿನ ಹೋಗಿ, ಅದೇ ಒಂದು ದಿನದ ಕೆಲಸ.)

ತೂಕ ಮೊದ್ಲೇ ಲೆಕ್ಕ ಹಾಕಿ

ಇದೊಂದು ಮಾಡಿದ್ರೆ ಅಂಗಡೀಲಿ ಗಾಬರಿ ಆಗಲ್ಲ. ಉದ್ದ, ಅಗಲ, ದಪ್ಪ ಸೆಂಟಿಮೀಟರಲ್ಲಿ ಗುಣಿಸಿ, ಬಂದಿದ್ದನ್ನ ಬೆಳ್ಳಿಗಾದ್ರೆ 10.4ರಿಂದ ಗುಣಿಸಿ. ಮೂರು ಸೆಂಟಿಮೀಟರ್ ಚೌಕ, ಒಂದು ಮಿಲಿಮೀಟರ್ ದಪ್ಪ ಅಂದ್ರೆ 3 × 3 × 0.1 = 0.9, ಅದನ್ನ 10.4ರಿಂದ ಗುಣಿಸಿದ್ರೆ ಒಂಬತ್ತು ಗ್ರಾಂ ಚಿಲ್ಲರೆ. ಅರ್ಧದಷ್ಟು ಕೊರೆದು ತೆಗೆದ್ರೆ ನಾಲ್ಕೂವರೆ, ಐದು ಗ್ರಾಂ. ಅದನ್ನೇ 22 ಕ್ಯಾರೆಟ್ ಚಿನ್ನದಲ್ಲಿ ಮಾಡಿಸಿದ್ರೆ ಹೆಚ್ಚು ಕಡಿಮೆ ಒಂದೂಮುಕ್ಕಾಲು ಪಟ್ಟು ತೂಗುತ್ತೆ, ಚಿನ್ನ ಅಷ್ಟು ಭಾರ. ಓಲೆ ಒಂದೊಂದು ಐದಾರು ಗ್ರಾಂ ದಾಟಿದ್ರೆ ಸಂಜೆ ಹೊತ್ತಿಗೆ ಕಿವಿ ಎಳೆಯೋಕೆ ಶುರು ಆಗುತ್ತೆ, ನಮ್ಮಜ್ಜಿ ಕಿವಿ ತೂತು ಎಷ್ಟುದ್ದ ಆಗಿತ್ತು ಅಂತ ನೆನೆಸ್ಕೊಳ್ಳಿ.

ಆಮೇಲೆ ಅದೇ ಅಳತೇಲಿ ಹಾರ್ಲಿಕ್ಸ್ ಡಬ್ಬದ ರಟ್ಟು ಕತ್ತರಿಸಿ, ದಾರ ಕಟ್ಟಿ ಹಾಕ್ಕೊಂಡು ಒಂದು ದಿನ ಮನೇಲಿ ಓಡಾಡಿ. ಅಡುಗೆ ಮಾಡಿ, ಬಗ್ಗಿ ಕಸ ಗುಡಿಸಿ, ಮಗು ಎತ್ಕೊಳ್ಳಿ. ಮೂಲೆ ಚುಚ್ಚುತ್ತಾ, ಸೀರೆಗೆ ಸಿಕ್ಕಾಕ್ಕೊಳ್ಳುತ್ತಾ ಗೊತ್ತಾಗುತ್ತೆ. ಗೋಪುರದ ತುದಿ ಚೂಪಿದ್ರೆ ಖಂಡಿತ ಚುಚ್ಚುತ್ತೆ, ಒಂದು ಗುಂಡು ಕೂರಿಸಿ ಮೊಂಡು ಮಾಡಿಸಿ, ಕಳಸವೂ ಆಯ್ತು.

ಆಚಾರ್ರ ಹತ್ರ ಹೋಗುವಾಗ

ಕಟ್ಟಿನಕೆರೆ ಮಾರ್ಕೆಟ್ ಸುತ್ತಮುತ್ತ ಓಡಾಡಿದ್ರೆ ಇವತ್ತಿಗೂ ಕೂತು ಕೈಯಲ್ಲಿ ಕೆಲಸ ಮಾಡೋರು ಸಿಗ್ತಾರೆ. ದೊಡ್ಡ ಶೋರೂಮಲ್ಲಿ ಇಂಥದ್ದು ಕೇಳ್ಬೇಡಿ, ಅವರು ಕ್ಯಾಟಲಾಗ್ ತೋರಿಸ್ತಾರೆ. ಮದುವೆ ಸೀಸನ್ನಲ್ಲಿ ಹೋಗ್ಬೇಡಿ, ದೀಪಾವಳಿ ಹಾಸನಾಂಬ ಜಾತ್ರೆ ಟೈಮಲ್ಲಂತೂ ಬೇಡವೇ ಬೇಡ, ರೋಡಲ್ಲಿ ನಿಲ್ಲೋಕೂ ಜಾಗ ಇರಲ್ಲ. ಆಷಾಢದಲ್ಲಿ ಹೋಗಿ, ಅವರಿಗೆ ಪುರುಸೊತ್ತಿರುತ್ತೆ, ಮಾತಾಡೋ ಮನಸ್ಸೂ ಇರುತ್ತೆ.

ಕೈಯಲ್ಲಿ ಮೂರು ಇರ್ಲಿ: ಎಣಿಸಿ ಬರೆದ ದೊಡ್ಡ ಗ್ರಾಫ್, ನಿಜವಾದ ಸೈಜಿನ ಡ್ರಾಯಿಂಗ್, ಆ ರಟ್ಟಿನ ತುಂಡು. ಆಗುತ್ತೆ ಅಂದ್ರೆ ಸೀರೇನೂ ತಗೊಂಡೋಗಿ ತೋರಿಸಿ. ನಾನು ಎರಡನೇ ಸಲ ಸೀರೆ ಹಿಡ್ಕೊಂಡು ಹೋದಾಗ ಆಚಾರ್ರು ಕೈ ಒರೆಸ್ಕೊಂಡು ಸೆರಗು ತಿರುಗಿಸಿ ಹಿಂಭಾಗ ನೋಡಿದ್ರು, "ಗಂಟೇ ಇಲ್ವಲ್ಲಮ್ಮ!" ಅಂದ್ರು. ಕಸೂತೀಲಿ ಗಂಟು ಹಾಕಲ್ಲ. ಆಮೇಲೆ ಬೆಸುಗೆ ಹಿಂದೆ ಕಾಣದ ಹಾಗೆ ಮಾಡಿಕೊಟ್ರು, ನಾನು ಕೇಳ್ದೇನೇ.

ದುಡ್ಡಿನ ಮಾತು ಮೊದ್ಲೇ ಆಡಿ. ಕೂಲಿ ಗ್ರಾಂಗಿಷ್ಟು ಅಂತಾನಾ, ಪೀಸಿಗಿಷ್ಟು ಅಂತಾನಾ? ಇಂಥ ಕೆಲಸದಲ್ಲಿ ಪೀಸಿಗೆ ಮಾತಾಡೋದು ನ್ಯಾಯ, ಯಾಕಂದ್ರೆ ತೂಕ ಕಡಿಮೆ, ಕೆಲಸ ಜಾಸ್ತಿ, ಗ್ರಾಂ ಲೆಕ್ಕದಲ್ಲಿ ಅವರಿಗೇನೂ ಗಿಟ್ಟಲ್ಲ, ಆಮೇಲೆ ಅವಸರದಲ್ಲಿ ಮಾಡ್ತಾರೆ. ಕೊರೆದು ಉಳಿದ ಬೆಳ್ಳಿ ಚೂರು ಯಾರಿಗೆ, ಸವಕಳಿ ಎಷ್ಟು, ಇದೂ ಮಾತಾಗ್ಲಿ. ಹಳೇ ಕಾಲ್ಚೈನು ಕರಗಿಸಿ ಮಾಡಿ ಅಂತ ಕೊಡೋದಾದ್ರೆ ಅದರ ಬೆಳ್ಳಿ ಎಷ್ಟು ಶುದ್ಧ ಅಂತ ಟೆಸ್ಟ್ ಮಾಡಿಸಿ ಕೊಡಿ, ಹಳೇದ್ರಲ್ಲಿ ಬೆರಕೆ ಜಾಸ್ತಿ ಇರೋದುಂಟು. ಹೊಸ ಬೆಳ್ಳಿ ಆದ್ರೆ 925 ಕೇಳಿ, ಅಂದ್ರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದಿದ್ದು ಸಾಮಾನ್ಯವಾಗಿ ತಾಮ್ರ. ಪೂರ್ತಿ ಶುದ್ಧ ಬೆಳ್ಳೀಲಿ ಇಷ್ಟು ಸಣ್ಣ ಗೆರೆ ಬಗ್ಗಿ ಹೋಗುತ್ತೆ.

ಚಿನ್ನದಲ್ಲೇ ಬೇಕು ಅನ್ನೋರು ಮೊದ್ಲು ಅದೇ ಡಿಸೈನ್ ಬೆಳ್ಳೀಲಿ ಮಾಡಿಸಿ ನೋಡಿ ಆಮೇಲೆ ಹೋಗಿ. ಚಿನ್ನದ ಅಂಗಡೀಲಿ ತಗೊಂಡ್ರೆ ಹಾಲ್‌ಮಾರ್ಕ್ (ಶುದ್ಧತೆಯ ಮುದ್ರೆ) ಜೊತೆ ಆರಕ್ಷರದ ಎಚ್‌ಯುಐಡಿ (ಆ ಒಂದು ಒಡವೆಗಂತಲೇ ಕೊಡೋ ಗುರುತಿನ ನಂಬರು) ಇರ್ಬೇಕು, 2023 ಏಪ್ರಿಲ್‌ನಿಂದ ಅದು ಕಡ್ಡಾಯ, ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿದ್ರೆ ಗೊತ್ತಾಗುತ್ತೆ. ಎರಡು ಗ್ರಾಂಗಿಂತ ಕಡಿಮೆ ತೂಕದ್ದಕ್ಕೂ, ವರ್ಷಕ್ಕೆ 40 ಲಕ್ಷದೊಳಗೆ ವ್ಯಾಪಾರ ಮಾಡೋ ಸಣ್ಣವರಿಗೂ ವಿನಾಯಿತಿ ಇದೆ, ಹಾಗಾಗಿ ಕೈಕೆಲಸದ ಆಚಾರ್ರ ಹತ್ರ ಮುದ್ರೆ ಇಲ್ಲದೇ ಇದ್ರೆ ಅದು ಮೋಸ ಅಂತ ಅಂದ್ಕೋಬೇಡಿ, ಒಂದ್ಸಲ ಟೆಸ್ಟಿಂಗ್ ಮಾಡಿಸ್ಕೊಂಡ್ರೆ ಇಬ್ಬರಿಗೂ ಒಳ್ಳೇದು.

ಬಣ್ಣ

ಚಂದ್ರಕಾಳಿ ಕಪ್ಪು ಬೇಕಂದ್ರೆ ಆಕ್ಸಿಡೈಸ್ ಮಾಡಿ ಅಂತ ಹೇಳಿ. ಪೂರ್ತಿ ಕಪ್ಪು ಮಾಡಿ, ಮೇಲಿನ ಗೆರೆ ಮಾತ್ರ ಉಜ್ಜಿ ಬಿಳಿ ತೆಗೀತಾರೆ, ಕಪ್ಪು ಸೀರೆ ಮೇಲೆ ಬಿಳಿ ದಾರ ಹಾಕಿದಂಗೇ ಕಾಣುತ್ತೆ. ಇಳಕಲ್ ಕೆಂಪಿಗೆ ಮೀನಾ (ಲೋಹದ ಮೇಲೆ ತುಂಬೋ ಗಾಜಿನಂಥ ಬಣ್ಣ) ಹಾಕಿಸೋ ಆಸೆ ನಂಗೂ ಇತ್ತು, ಆದ್ರೆ ಅದರ ಬದ್ಲು ಪದಕನ ಕೆಂಪು ರೇಷ್ಮೆ ದಾರದಲ್ಲಿ ಪೋಣಿಸಿ, ಹಿಂದೆ ಗೊಂಡೆ ಕಟ್ಟಿಸಿದೆ. ಖರ್ಚು ಕಮ್ಮಿ, ಬಣ್ಣ ಮಾಸಿದ್ರೆ ದಾರ ಬದಲಾಯಿಸಿದ್ರಾಯ್ತು. ಹಳೇ ಸರಗಳೆಲ್ಲಾ ದಾರದಲ್ಲೇ ಅಲ್ವಾ ಪೋಣಿಸ್ತಿದ್ದಿದ್ದು.

ಮಾರೋ ಯೋಚನೆ ಇರೋರಿಗೆ ಒಂದು ಮಾತು. ಗೋಪುರ, ತೆನೆ, ತುಳಸಿಕಟ್ಟೆ, ಆನೆ ಅಂಬಾರಿ ಇವೆಲ್ಲ ನೂರಾರು ಹೆಣ್ಮಕ್ಕಳ ಕೈ ದಾಟಿ ಬಂದಿರೋದು, ಯಾರ ಸ್ವಂತದ್ದೂ ಅಲ್ಲ. ಆದ್ರೆ ಕಸೂತಿಗೂ ಇಳಕಲ್ ಸೀರೆಗೂ ಜಿಐ ಟ್ಯಾಗ್ (ಇಂಥ ಊರಿನದ್ದು ಅನ್ನೋ ಕಾನೂನಿನ ಗುರುತು) ಇದೆ, ಹಾಗಾಗಿ ಓಲೆ ಪ್ಯಾಕೆಟ್ ಮೇಲೆ "ಕಸೂತಿ ಜ್ಯುವೆಲರಿ" ಅಂತ ಹೆಸರು ಹಾಕೋ ಮುಂಚೆ ತಿಳಿದೋರನ್ನ ಕೇಳಿ, "ಧಾರವಾಡ ಕಸೂತಿ ಗೋಪುರ ನೋಡಿ ಮಾಡಿದ್ದು" ಅಂತ ಬರೆದ್ರೆ ಸತ್ಯವೂ ಆಯ್ತು, ಕೊಳ್ಳೋರಿಗೆ ಕಥೇನೂ ಸಿಕ್ತು. ಈಗಿನ ಯಾರೋ ಡಿಸೈನರ್ ಬರೆದಿದ್ದನ್ನ ಇನ್‌ಸ್ಟಾದಲ್ಲಿ ನೋಡಿ ಎತ್ಕೊಂಡ್ರೆ ಮಾತ್ರ ಅದು ಕಳ್ಳತನ.

ಮನೆಗೆ ತಂದ್ಮೇಲೆ

ಕಪ್ಪು ಮಾಡಿದ ಬೆಳ್ಳೀನ ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ, ಪೌಡರ್ ಬೇಡ, ಅಂಗಡಿಯ ಅದ್ದೋ ಲಿಕ್ವಿಡ್ಡಂತೂ ಬೇಡ, ಕಪ್ಪೆಲ್ಲಾ ಎದ್ದೋಗುತ್ತೆ. ಅಂಟುವಾಳಕಾಯಿ ನೆನೆಸಿದ ನೀರಲ್ಲಿ ಮಗುವಿನ ಹಲ್ಲುಜ್ಜೋ ಬ್ರಷ್ ಅದ್ದಿ ಮೆಲ್ಲಗೆ ಒಂದ್ಸಲ ಆಡ್ಸಿ, ಒಣ ಬಟ್ಟೇಲಿ ಒತ್ತಿ, ಆರಿದ್ಮೇಲೆ ಜಿಪ್ ಕವರಿಗೆ ಹಾಕಿ, ಜೊತೆಗೊಂದು ಚಾಕ್‌ಪೀಸ್ ತುಂಡು ಇಡಿ, ನಮ್ಮೂರ ಮಳೆಗಾಲದ ಥಂಡಿ ಹೀರ್ಕೊಳ್ಳುತ್ತೆ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದ್ರಲ್ಲಿರೋ ಗಂಧಕಕ್ಕೆ ಬೇಡದ ಕಡೆ ಕಪ್ಪಾಗುತ್ತೆ. ಆ ಗ್ರಾಫ್ ಹಾಳೆ ಎಸೀಬೇಡಿ, ಪೆನ್ಸಿಲ್ಲಲ್ಲಿ ಯಾವ ಸೀರೆ, ಯಾರದ್ದು, ಯಾವ ಊರಿಂದ ಬಂದಿದ್ದು ಅಂತ ಬರೆದು ಒಂದು ಕವರಲ್ಲಿ ಹಾಕಿ ಸೀರೆ ಮಡಿಕೆಯೊಳಗೇ ಇಟ್ಟುಬಿಡಿ. ನಮ್ಮನೇಲಿ ಈಗ ಅಂಥ ಹಾಳೆ ಏಳಿದೆ, ಎಂಟನೇದು ಅತ್ತೆ ಎಣಿಸ್ತಿದಾರೆ, ತುಳಸಿಕಟ್ಟೆ, ಅರ್ಧ ಆಗಿದೆ.